ಇಳಿಯದ ಜಟ್ಟಪ್ಪ

ದುಬೈ ಕಾರಿನ ಸೀಟಿಗೆ ಒಂದು ಕಪ್ಪು ಪಟ್ಟಿ ಇತ್ತು. ಎಳೆದರೆ ಬಿಲದಿಂದ ಕೇರೆ ಹಾವು ಬಂದ ಹಾಗೆ ಉದ್ದಕ್ಕೆ ಬರುತ್ತಿತ್ತು, ಬಿಟ್ಟರೆ ಸರಕ್ಕನೆ ಒಳಗೆ ಸೇರುತ್ತಿತ್ತು. ಅದನ್ನು ಹೆಗಲಿನಿಂದ ಸೊಂಟಕ್ಕೆ ಅಡ್ಡ ಹಾಯಿಸಿ, ತುದಿಯ ಕಬ್ಬಿಣದ ನಾಲಗೆಯನ್ನು ಸೀಟಿನ ಪಕ್ಕದ ಬಾಯಿಗೆ ತುರುಕಿದರೆ 'ಟಕ್' ಎನ್ನುತ್ತಿತ್ತು. ಬೆಳಕೆ ಊರಿನ ಜಟ್ಟಪ್ಪ ಮೊಗೇರನಿಗೆ ಇಡೀ ಕಾರಿನಲ್ಲಿ ಎಲ್ಲಕ್ಕಿಂತ ಪ್ರೀತಿಯ ವಸ್ತುವೆಂದರೆ ಈ ಪಟ್ಟಿ. ಭಟ್ಕಳ ಪೇಟೆಯ ಅಂಬಾಸಿಡರುಗಳಲ್ಲಿ ದೀಪ ಹಾಕಿ ಹುಡುಕಿದರೂ ಇಂಥದ್ದೊಂದು ಸಿಗುತ್ತಿರಲಿಲ್ಲ. ಎಂಬತ್ತಾರನೆಯ ಇಸವಿಯ ಆ ಬೇಸಿಗೆಯಲ್ಲಿ ಹೊನ್ನಾವರ ದಾಟಿ ಕುಮಟೆಯವರೆಗೆ ಹೋದರೂ ಸಿಗುವುದು ಸಂಶಯವೇ. ಹಾಗಾಗಿ ದಿನಾ ಬೆಳಿಗ್ಗೆ ಅದರ ಬಾಯಿಗೂ ನಾಲಗೆಗೂ ತೆಂಗಿನೆಣ್ಣೆ ಹಚ್ಚಿ, ಮಗುವಿಗೆ ಎಣ್ಣೆನೀರು ಹಾಕುವ ಹಾಗೆ ಉಜ್ಜುತ್ತಿದ್ದ. ಕಡಲತೀರದ ಊರು; ಗಾಳಿಯ ತುಂಬ ಮರಳು. ಎಣ್ಣೆ ಕುಡಿದ ಬಾಯಿ ಮರಳನ್ನೂ ಮೆಲ್ಲಗೆ ತಿನ್ನುತ್ತಿತ್ತು. ಅದು ಜಟ್ಟಪ್ಪನ ಗಮನಕ್ಕೆ ಬಂದಿರಲಿಲ್ಲ.

ಮೀನುದೋಣಿ ನಡೆಸುವ ತಾಂಡೇಲನಿಗೆ ಕಾರು ಬಂದದ್ದು ಹೇಗೆಂದು ಕೇಳುವವರಿಗೆ ಜಟ್ಟಪ್ಪ ಎದೆ ಅಗಲ ಮಾಡಿಯೇ ಉತ್ತರ ಕೊಡುತ್ತಿದ್ದ. ಭಟ್ಕಳದ ಮೊಹಿದ್ದೀನ್ ಸಾಹೇಬರ ತಮ್ಮ ಗೆಳೆಯರ ಜೊತೆ ಕಡಲ ನಡುವಿನ ನೇತ್ರಾಣಿ ಗುಡ್ಡ ನೋಡಲು ಹೋಗಿ, ಗಾಳಿಗೆ ದೋಣಿ ಮಗುಚಿ ನೀರು ಕುಡಿಯುತ್ತಿದ್ದಾಗ ಜುಟ್ಟು ಹಿಡಿದು ಮೇಲೆತ್ತಿದವನು ಇವನೇ. ಸಾಹೇಬರು ಅದನ್ನು ಮರೆತಿರಲಿಲ್ಲ. ಮನೆಮಂದಿಯೆಲ್ಲ ಮತ್ತೆ ದುಬೈಗೆ ಹೊರಟಾಗ, ಹಡಗಿನಲ್ಲಿ ತರಿಸಿದ್ದ ಹಳೇ ಕಾರನ್ನು ಇವನಂಗಳಕ್ಕೆ ಕಳಿಸಿಬಿಟ್ಟರು. "ಜಟ್ಟಪ್ಪಾ, ಅಲ್ಲಿ ಕೆಲವು ದೇಶಗಳಲ್ಲಿ ಈ ಪಟ್ಟಿ ಕಟ್ಟಿಕೊಳ್ಳದಿದ್ರೆ ಪೊಲೀಸರು ಹಿಡೀತಾರೆ, ಗೊತ್ತುಂಟಾ?" ಎಂದಿದ್ದರು. ಆ ಮಾತು ಕೇಳಿದ ಮೇಲೆ ಜಟ್ಟಪ್ಪನಿಗೆ ಪಟ್ಟಿಯ ಮೇಲಿನ ಗೌರವ ಇನ್ನೂ ಹೆಚ್ಚಿತ್ತು.

ಕಾರಿನದು ಇನ್ನೊಂದು ವಿಶೇಷ. ಅದರ ಸ್ಟೀರಿಂಗು ಎಡಗಡೆಗಿತ್ತು. ಊರವರ ಲೆಕ್ಕದಲ್ಲಿ ಅದು ತಪ್ಪು ಕಡೆ. ಜಟ್ಟಪ್ಪನ ಲೆಕ್ಕದಲ್ಲಿ ಅದು ಫಾರಿನ್ ಕಡೆ.

ಇಡಗುಂಜಿ ದೇವಸ್ಥಾನದಲ್ಲಿ ವಾಹನಪೂಜೆ ಮಾಡಿಸುವುದೆಂದು ನಿಶ್ಚಯವಾಗಿತ್ತು. ಸಾಹೇಬರ ಹಳೇ ಡ್ರೈವರು ಬರುವವನಿದ್ದ. ಅಷ್ಟಾದರೂ ಪೂಜೆಯ ಹಿಂದಿನ ದಿನ ಬೆಳಿಗ್ಗೆ ಜಟ್ಟಪ್ಪ ಹೊಸ ಶರ್ಟು ಹಾಕಿಕೊಂಡು ಕಾರಿನೊಳಗೆ ಕೂತ.

"ನಾಳೆ ಡ್ರೈವರ್ ಬತ್ತ ಅಲ್ದಾ? ಇವತ್ತು ಎಂತಕ್ಕೆ ಕೈ ಹಾಕ್ತ್ರಿ?" ಹೆಂಡತಿ ಗಂಗೆ ಹೊಸ್ತಿಲಲ್ಲೇ ನಿಂತು ಕೇಳಿದಳು.

"ದೇವ್ರ ಎದುರಿಗೆ ಎರಡು ಮಾರಾದ್ರೂ ನಾನೇ ಬಿಡ್ಬೇಕು. ಅದಕ್ಕೆ ಅಭ್ಯಾಸ."

"ಲೈಸೆನ್ಸ್ ಇಲ್ಲ ನಿಮ್ಗೆ."

"ನನ್ನ ಜಾಗದಲ್ಲಿ ನಾನು ಬಿಡೂಕೆ ಯಾರ ಲೈಸೆನ್ಸು? ಅಡುಗೆಮನೆಯಲ್ಲಿ ನಡೆಯೂಕೆ ನೀನು ಲೈಸೆನ್ಸ್ ಮಾಡ್ಸಿದ್ಯಾ?"

ಅಷ್ಟರೊಳಗೆ ಜಟ್ಟಪ್ಪನ ತಾಯಿ ಈರಮ್ಮ ಎಲೆಅಡಿಕೆ ಸಂಚಿ ಹಿಡಿದು ಬಲಗಡೆ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಮಗ ಅವಳಿಗೂ ಪಟ್ಟಿ ಕಟ್ಟಲು ಹೋದ. "ಹೋಗಾ, ನಾನೆಂತ ಸಂತೆಗೆ ಹೋಗೂ ಕರುವಾ?" ಎಂದು ಕೈ ತಳ್ಳಿದಳು. ಜಟ್ಟಪ್ಪ ತನ್ನದನ್ನು ಮಾತ್ರ 'ಟಕ್' ಮಾಡಿಕೊಂಡ.

ಮನೆಯ ಮುಂದೆ ತೆಂಗಿನ ಹಿತ್ತಲು. ಅದರ ನಡುವೆ ಎತ್ತಿನ ಗಾಡಿ ಹೋಗುವಷ್ಟು ಅಗಲದ ದಾರಿ ಸಮುದ್ರದ ಕಡೆಗೆ ಇಳಿಯುತ್ತಿತ್ತು; ಒಂದು ಪಕ್ಕಕ್ಕೆ ಹೊಳೆ. ಆ ದಾರಿಯಲ್ಲಿ ಕಾರು ಹೋಯಿತು, ಬಂತು, ಮತ್ತೆ ಹೋಯಿತು. ಮೀನುಬುಟ್ಟಿ ಹೊತ್ತು ಬರುತ್ತಿದ್ದ ಹೊನ್ನಮ್ಮ ಮರದ ಬುಡಕ್ಕೆ ಹಾರಿ ನಿಂತಳು. ಹೊನ್ನಮ್ಮನ ಬಾಯಿ ಕೇರಿಗೆಲ್ಲ ರೇಡಿಯೋ.

"ಜಟ್ಟಣ್ಣಾ, ಎಂತ ಮಾರಾಯ, ತೆಂಗಿನಮರಕ್ಕೆ ಪ್ರದಕ್ಷಿಣೆ ಹಾಕ್ತ್ಯಾ?"

ಜಟ್ಟಪ್ಪ ಗಂಭೀರವಾಗಿ ಹಾರನ್ನು ಒತ್ತಿದ. ಅಷ್ಟರಲ್ಲಿ ಎದುರಿನಿಂದ ಒಂದು ಸರಕಾರಿ ಜೀಪು ಹಿತ್ತಲೊಳಗೆ ನುಗ್ಗಿತು. ಜೀಪಿನಿಂದ ಖಾಕಿ ತೊಟ್ಟ ಆಸಾಮಿಯೊಬ್ಬ ಹಾರಿ ಇಳಿದು, ದಾರಿಯ ಮಧ್ಯೆ ನಿಂತು ಬಲಗೈ ಎತ್ತಿದ.

ಸಮುದ್ರದಲ್ಲಿ ದೋಣಿ ನಿಲ್ಲಿಸಲು ಬ್ರೇಕು ಇರುವುದಿಲ್ಲ. ಜಟ್ಟಪ್ಪನ ಕಾಲಿಗೆ ಆ ವಿದ್ಯೆ ಇನ್ನೂ ಹತ್ತಿರಲಿಲ್ಲ. ಕಾರು ಖಾಕಿಯವನ ಹೊಟ್ಟೆಯನ್ನು ಗೌರವದಿಂದ ತಪ್ಪಿಸಿ, ತೆಂಗಿನ ಸಿಪ್ಪೆಯ ರಾಶಿಗೆ ಮೂಗು ತುರುಕಿ ನಿಂತಿತು.

ಖಾಕಿಯವನು ಹವಾಲ್ದಾರ ಯಮನಪ್ಪ. ಬಿಜಾಪುರದ ಕಡೆಯವನು, ಈ ಕಡೆಗೆ ವರ್ಗವಾಗಿ ಬಂದು ಬಹಳ ದಿನ ಆಗಿರಲಿಲ್ಲ. ಮೀಸೆ ತಕ್ಕಡಿಯ ದಂಡಿಯ ಹಾಗೆ ಎರಡೂ ಕಡೆಗೆ ಸಮನಾಗಿ ಚಾಚಿತ್ತು. ಅವನು ರೂಢಿಯಂತೆ ಬಲಗಡೆಯ ಕಿಟಕಿಗೆ ಬಂದು, ಲಾಠಿಯಿಂದ ಬಾಗಿಲನ್ನು ತಟ್ಟಿ, ಬಗ್ಗಿ ನೋಡಿದ. ಈರಮ್ಮ ಅಡಿಕೆ ಕತ್ತರಿಸುತ್ತಿದ್ದಳು.

"ಅಜ್ಜೀ, ಲೈಸೆನ್ಸ್ ತೋರಸ್ರಿ."

"ಎಂತಾ?"

"ಲೈಸೆನ್ಸ್, ಲೈಸೆನ್ಸ್! ಗಾಡಿ ಬಿಡಾಕ."

ಈರಮ್ಮ ಸಂಚಿಯ ಒಳಗೆಲ್ಲ ಕೈಯಾಡಿಸಿದಳು. "ಅದೊಂದು ಇಲ್ಲ ಮಗಾ. ಎಲೆ ಅದೆ, ಸುಣ್ಣ ಅದೆ. ಬೇಕಾ?"

ಯಮನಪ್ಪನ ಕಣ್ಣು ಅವಳ ಮುಂದಿನ ಜಾಗಕ್ಕೆ ಹೋಯಿತು. ಸ್ಟೀರಿಂಗು ಇರಲಿಲ್ಲ. ಮೀಸೆಯ ಒಂದು ತುದಿ ಕೆಳಕ್ಕೆ ವಾಲಿತು. "ಯವ್ವಾ! ಸ್ಟೀರಿಂಗ್ ಇಲ್ದ ಹೊಡ್ಕೊಂಡು ಬಂದೀಯಲ್ಲವಾ!" ಎಂದು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲಷ್ಟೇ ಆ ಕಡೆಯ ಸೀಟಿನಲ್ಲಿ ಚಕ್ರ ಹಿಡಿದು ಬೆವರುತ್ತಿದ್ದ ಜಟ್ಟಪ್ಪ ಕಾಣಿಸಿದ. ಜೀಪಿನ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಹವಾಲ್ದಾರನ ಮುಖ ಕೆಂಪೇರಿತು. ಕಾರನ್ನು ಸುತ್ತಿ ಈ ಕಡೆಗೆ ಬಂದ.

"ನಿನ್ನ ಲೈಸೆನ್ಸ್ ಎಲ್ಲೈತಿ?"

"ಅದು... ಇನ್ನೂ ಆಗ್ಲಿಲ್ಲ."

"ಆಗಿಲ್ಲ? ಇಳೀ ಕೆಳಗ!"

ನಿಜ ಹೇಳಬೇಕೆಂದರೆ, ಜಟ್ಟಪ್ಪ ಇಳಿಯುವುದಕ್ಕೇ ಹೊರಟಿದ್ದ. 'ಇಳೀತೆ ಸ್ವಾಮಿ, ತಪ್ಪಾತು' ಎಂಬ ಮಾತೂ ನಾಲಗೆಯ ತುದಿಗೆ ಬಂದಿತ್ತು. ಪಟ್ಟಿಯ ಕೆಂಪು ಗುಂಡಿಯನ್ನು ಒತ್ತಿದ. ಬಿಡಲಿಲ್ಲ. ಹೆಬ್ಬೆರಳು ಬಿಳಿಚುವಷ್ಟು ಒತ್ತಿದ. ಒಳಗೆ ಮರಳು ಕರ್ ಎಂದಿತೇ ಹೊರತು ನಾಲಗೆ ಅಲ್ಲಾಡಲಿಲ್ಲ. ಎಳೆದ, ಪಟ್ಟಿ ಇನ್ನೂ ಬಿಗಿಯಿತು. ಅಷ್ಟರಲ್ಲಿ ಹೊನ್ನಮ್ಮನ ಕೂಗಿಗೆ ಕೇರಿಯೇ ಬಂದು ಸೇರಿತ್ತು. ಅವರೆಲ್ಲರ ಮುಂದೆ 'ನನಗೆ ನನ್ನ ಕಾರಿನಿಂದ ಇಳಿಯಲು ಬರುವುದಿಲ್ಲ' ಎನ್ನುವುದು ಹೇಗೆ?

"ಎಂತಕ್ಕೆ ಇಳೀಬೇಕು?" ಎಂದುಬಿಟ್ಟ.

ಮಾತು ಹೊರಬಿದ್ದ ಮೇಲೆ ಅವನಿಗೇ ಗಾಬರಿಯಾಯಿತು. ಬಲಗಡೆಯ ಸೀಟಿನಲ್ಲಿ ಈರಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಮಗನ ಮುಖ ನೋಡಿದಳು. ಆ ನೋಟ ಜಟ್ಟಪ್ಪನಿಗೆ ಅರ್ಥವಾಯಿತು. ಇದೇ ಹಿತ್ತಲನ್ನು ಅವನ ಅಪ್ಪ ಗೇಣಿಗೆ ಮಾಡುತ್ತಿದ್ದ ಕಾಲದಲ್ಲಿ ಒಡೆಯರ ಕಡೆಯವರು ಬಂದು 'ಇಳಿಯೋ ಕೆಳಗೆ' ಎಂದರೆ ಸಾಕು, ಅಪ್ಪ ಅರ್ಧ ಹತ್ತಿದ ಮರದಿಂದಲೂ ಜಾರಿ ಇಳಿದು, ಮುಂಡಾಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದ. ಎದೆಯ ತುಂಬ ತೆಂಗಿನ ಮರ ತರಚಿದ ಗಾಯ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು, ಟ್ರಿಬ್ಯೂನಲ್ಲಿನಲ್ಲಿ ಜಾಗ ಅಪ್ಪನ ಹೆಸರಿಗಾದ ದಿನ, ಅಪ್ಪ ಮಾಡಿದ ಮೊದಲ ಕೆಲಸವೆಂದರೆ ಒಂದು ಮರ ಹತ್ತಿ ಮಧ್ಯಾಹ್ನದವರೆಗೆ ಅಲ್ಲೇ ಕೂತದ್ದು. ಯಾರೂ ಇಳಿಸಲಿಲ್ಲ.

ಜಟ್ಟಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. ಅರ್ಧ ಪಟ್ಟಿಯ ಬಿಗಿತಕ್ಕೆ, ಅರ್ಧ ಬೇರೆ ಕಾರಣಕ್ಕೆ.

"ಇದು ನನ್ನ ಜಾಗ ಹವಾಲ್ದಾರ್ರೆ. ನನ್ನ ಜಾಗದಲ್ಲಿ ನನ್ನ ಕಾರಿನೊಳಗೆ ನಾನು ಕೂತ್ಕಂಡಿದ್ದೆ. ಇಳಿಯೂದಿಲ್ಲ."

"ಭಲೇ!" ಎಂದಳು ಹೊನ್ನಮ್ಮ.

ಇಂಥ ಹೊತ್ತಿನಲ್ಲಿ ಕರೆಯದೆ ಬರುವವರು ಗಣಪ ಶಾನಭಾಗರು. ಕುಮಟೆಯ ಕೋರ್ಟಿನಲ್ಲಿ ಬೇಲಿಫರಾಗಿ ಜಪ್ತಿ ವಾರಂಟು ಹಂಚಿಯೇ ನಿವೃತ್ತರಾದ ಅವರು, ಊರಿನ ಪಾಲಿಗೆ ಹೈಕೋರ್ಟು. ಕೊಡೆಯ ತುದಿಯಿಂದ ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಅರೇ ದೇವಾ! ಹವಾಲ್ದಾರ್ ಸಾಹೇಬ್ರೆ, ಮೋಟಾರು ಕಾಯಿದೆ ಇರೂದು ಸಾರ್ವಜನಿಕ ಸ್ಥಳಕ್ಕೆ. ಖಾಸಗಿ ಜಾಗದಲ್ಲಿ ಮನುಷ್ಯ ಲೈಸೆನ್ಸ್ ಇಲ್ಲದೆ ಕಾರಲ್ಲ, ವಿಮಾನ ಬೇಕಾದ್ರೂ ಬಿಡ್ಲಿ. ನೀವು ಇಳಿ ಅಂಬೂದಕ್ಕೆ ಆಧಾರ ಎಂತದು?"

"ಮತ್ತ ಆ ಪಟ್ಟಿ ಯಾಕ ಕಟ್ಕೊಂಡಾನ? ಮೈಮ್ಯಾಲೆ ಏನರ ಕದ್ದ ಮಾಲು ಐತೇನ?"

"ಅದು ಸೀಟ್ ಬೆಲ್ಟ್! ವಿಲಾಯತಿಯಲ್ಲಿ ಕಟ್ಟಿಕೊಳ್ಳದಿದ್ರೆ ಅಪರಾಧ. ನಮ್ಮಲ್ಲಿ ಕಟ್ಟಿಕೊಂಡ್ರೆ ಅಪರಾಧ ಅಂತ ಯಾವ ಪುಸ್ತಕದಲ್ಲಿ ಅದೆ, ತೋರ್ಸಿ. ನಮ್ಮ ಜಟ್ಟಪ್ಪ ಇನ್ನೂ ಬಾರದ ಕಾನೂನನ್ನು ಪಾಲಿಸೂವಷ್ಟು ಸಂಭಾವಿತ ಮನುಷ್ಯ!"

ಜನ ಚಪ್ಪಾಳೆ ತಟ್ಟಿದರು. ಜಟ್ಟಪ್ಪ ಗುಂಡಿಯನ್ನು ಇನ್ನೊಮ್ಮೆ ಗುಟ್ಟಾಗಿ ಒತ್ತಿದ. ಅದು ಹಾಗೆಯೇ ಇತ್ತು.

ಆಗ ಜೀಪಿನ ಹಿಂಬದಿಯಿಂದ ದುಂಡು ಟೋಪಿ, ಕಪ್ಪು ಕನ್ನಡಕದ ಒಬ್ಬ ದೊಡ್ಡ ಮನುಷ್ಯರು ಇಳಿದರು. ಮೊದಲು ನಕ್ಕವರು ಅವರೇ ಇರಬೇಕು. ಒಂದು ತೆಂಗಿನಮರದ ನೆರಳಿನಲ್ಲಿ ನಿಂತು ಮುಖ ಒರೆಸಿಕೊಂಡು, "ಹವಾಲ್ದಾರ್, ಉಳಿದದ್ದೆಲ್ಲ ಬಿಡಿ. ನಾನು ಕೇಳಿದ್ದನ್ನ ಕೇಳಿ. ಈ ದಾರಿ ಸಾರ್ವಜನಿಕವೋ ಖಾಸಗಿಯೋ? ನನಗೆ ಅಷ್ಟು ಗೊತ್ತಾದರೆ ಸಾಕು" ಎಂದರು.

"ಡಿಎಸ್ಪಿ," ಎಂದು ಯಾರೋ ಪಿಸುಗುಟ್ಟಿದರು. "ಅಲ್ಲ, ಮ್ಯಾಜಿಸ್ಟ್ರೇಟು. ಕನ್ನಡಕ ನೋಡು," ಎಂದರು ಶಾನಭಾಗರು. ಯಾರಾದರೇನು, ಇಡೀ ಮೊಕದ್ದಮೆ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ ಎಂಬುದು ಎಲ್ಲರಿಗೂ ಸ್ಪಷ್ಟವಾಯಿತು.

ಯಮನಪ್ಪ ಹೊನ್ನಮ್ಮನ ಕಡೆ ತಿರುಗಿದ. "ಏನವಾ, ನೀ ದಿನಾ ಇದ ದಾರ್ಯಾಗ ಸಮುದ್ರಕ್ಕ ಹೋಗ್ತೀಯೋ ಇಲ್ಲೋ?"

ಹೊನ್ನಮ್ಮ ಹುಟ್ಟಿದಾಗಿನಿಂದ ಅದೇ ದಾರಿಯಲ್ಲಿ ನಡೆದವಳು. ಅವಳ ಅಮ್ಮ, ಅಜ್ಜಿ ಕೂಡ. ಜಟ್ಟಪ್ಪ ಒಮ್ಮೆ ಅಡ್ಡ ಬೇಲಿ ಹಾಕಲು ಹೊರಟಾಗ 'ಇದು ನನ್ನ ಅಜ್ಜಿ ಕಾಲದ ದಾರಿ' ಎಂದು ಕತ್ತಿ ಹಿಡಿದು ನಿಂತವಳೂ ಅವಳೇ. ಆದರೆ ಊರಿನ ಮಾನದ ಪ್ರಶ್ನೆ ಬಂದಾಗ ಹೊನ್ನಮ್ಮ ಹಿಂದೆಮುಂದೆ ನೋಡುವವಳಲ್ಲ.

"ಹೋಗ್ತೆ. ಜಟ್ಟಣ್ಣ ದೊಡ್ಡ ಮನಸ್ಸು ಮಾಡಿ ಬಿಟ್ಟದ್ದಕ್ಕೆ ಹೋಗ್ತೆ. ಅವ ಬೇಡ ಅಂದ್ರೆ ನಾನು ಈಜಿ ಹೋಗ್ತೆ, ಹಾರಿ ಹೋಗ್ತೆ. ಇದು ಅವ್ರ ಸ್ವಂತದ್ದು. ಇಲ್ಲಿ ಸಾರ್ವಜನಿಕ ಅಂಬೂದು ಒಂದು ಹಿಡಿ ಮಣ್ಣೂ ಇಲ್ಲ!"

"ಒಂದು ಹಿಡಿಯೂ ಇಲ್ಲ!" ಎಂದಿತು ಕೇರಿ.

ಅಲ್ಲಿಂದ ಮುಂದೆ ಅದು ಹಬ್ಬದಂತೆಯೇ ನಡೆಯಿತು. ಟೋಪಿಯವರು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಬಲೆ ಹೆಣೆಯುವವರು, ಮೀನು ಒಣಗಿಸುವವರು, ದಿನಾ ಅಲ್ಲೇ ದನ ಹೊಡೆದುಕೊಂಡು ಹೋಗುವವರು, ಎಲ್ಲರೂ ಕಾಲಿಟ್ಟದ್ದೇ ಇಲ್ಲವೆಂಬಂತೆ ಹೇಳಿದರು. ಟೋಪಿಯವರು ಹೇಳಿಕೆಗಳನ್ನೆಲ್ಲ ಪಂಚನಾಮೆಯಲ್ಲಿ ಬರೆದುಕೊಳ್ಳುತ್ತ, ನಡುನಡುವೆ "ಸರಿಯಾಗಿ ಯೋಚಿಸಿ ಹೇಳಿ. ಆಮೇಲೆ ಬದಲಾಯಿಸೋಕೆ ಬರೋದಿಲ್ಲ" ಎಂದು ಎಚ್ಚರಿಸುತ್ತಿದ್ದರು. ಹಾಗೆ ಎಚ್ಚರಿಸಿದಷ್ಟೂ ಸಾಕ್ಷಿಗಳ ಆವೇಶ ಏರಿತು.

ಹೆದ್ದಾರಿಯಲ್ಲಿ ಹೋಗುತ್ತಿದ್ದ ಬಸ್ಸು ಗಲಾಟೆ ನೋಡಿ ನಿಂತಿತು. ಕಂಡಕ್ಟರು ಇಣುಕಿ ನೋಡಿ, ಸಿಕ್ಕಷ್ಟು ಸುದ್ದಿ ಹತ್ತಿಸಿಕೊಂಡು ಹೊರಟ. ಅದು ಹೊನ್ನಾವರ ತಲುಪುವಾಗ 'ಬೆಳಕೆಯಲ್ಲಿ ಒಬ್ಬ ಪೊಲೀಸರ ವಿರುದ್ಧ ತನ್ನನ್ನು ಕಾರಿಗೆ ಸರಪಳಿಯಲ್ಲಿ ಬಿಗಿದುಕೊಂಡು ಸತ್ಯಾಗ್ರಹ ಕೂತಿದ್ದಾನೆ' ಎಂದಾಗಿತ್ತು. ಕುಮಟೆ ತಲುಪುವಾಗ ಅವನು ಪೊಲೀಸನನ್ನೇ ಬಿಗಿದಿದ್ದ.

ಸತ್ಯಾಗ್ರಹಿಯ ಕಷ್ಟ ಬೇರೆಯೇ ಇತ್ತು. ಅಭಿಮಾನಿಗಳು ಎಳನೀರು ಕೆತ್ತಿ ಕೆತ್ತಿ ಕಿಟಕಿಯೊಳಗೆ ಕೊಡುತ್ತಿದ್ದರು. "ಕುಡಿ ಜಟ್ಟಣ್ಣ, ಗಟ್ಟಿ ಕೂತ್ಕೊ." ಬೇಡವೆಂದರೆ ಪ್ರೀತಿಗೆ ಅವಮಾನ. ಜಟ್ಟಪ್ಪ ಕುಡಿದ. ಕುಡಿದದ್ದು ಹೋಗುವ ದಾರಿ ಹುಡುಕತೊಡಗಿತು. ಹೊತ್ತು ನೆತ್ತಿಗೆ ಬರುವಾಗ ಅವನ ಹೊಟ್ಟೆಯ ಕೆಳಗೆ ಶರಾವತಿ ಅಣೆಕಟ್ಟಿನ ಬಾಗಿಲ ಹತ್ತಿರ ಬಂದು ನಿಂತ ಹಾಗಿತ್ತು. ಪಟ್ಟಿ ಸರಿಯಾಗಿ ಅದರ ಮೇಲೆಯೇ ಬಿಗಿದಿತ್ತು. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಕಣ್ಣು ಕೆಂಪಾಗಿಸಿಕೊಂಡು ದೂರ ನೋಡುತ್ತ ಕೂತ.

"ಮುಖ ನೋಡ್ರಾ! ಎಷ್ಟು ಹಠ!" ಎಂದು ಜನ ಮೆಚ್ಚಿದರು.

ಗಂಗೆಗೆ ಮಾತ್ರ ಗಂಡನ ಮುಖ ಓದಲು ಬರುತ್ತಿತ್ತು. ಎಳನೀರು ಕೊಡುವ ನೆಪದಲ್ಲಿ ಬಗ್ಗಿ, "ಎಂತ ಆತು?" ಎಂದಳು.

"ಪಟ್ಟಿ ಬಿಡೂದಿಲ್ಲ ಮಾರಾಯ್ತಿ. ಇನ್ನು ಸ್ವಲ್ಪ ಹೊತ್ತಿಗೆ ನನ್ನ ಮಾನ ಸೀಟಿನ ಮೇಲೆ ಹೋಗ್ತದೆ."

"ಕತ್ತಿ ತತ್ತೆ. ಕೊಯ್ದು ಬಿಡ್ತೆ."

"ಇಷ್ಟು ಜನರ ಎದುರಿಗಾ? ನಾನು ಬೇಕಂತ್ಲೇ ಇಳಿಯದೆ ಕೂತದ್ದು ಅಂತ ಅವ್ರೆಲ್ಲ ತಿಳ್ಕಂಡಿದ್ರು!"

ಅಷ್ಟು ಹೊತ್ತಿಗೆ ಪಂಚನಾಮೆ ಮುಗಿದಿತ್ತು. ಟೋಪಿಯವರು ಅದನ್ನು ಗಟ್ಟಿಯಾಗಿ ಓದಿದರು: ಸದರಿ ದಾರಿ ಜಟ್ಟಪ್ಪ ಮೊಗೇರನ ಖಾಸಗಿ ಸ್ವತ್ತು, ಸಾರ್ವಜನಿಕರಿಗೆ ಅದರಲ್ಲಿ ಯಾವ ಹಕ್ಕೂ ಇಲ್ಲ, ಹಿಂದೆಯೂ ಇರಲಿಲ್ಲ. ಕೇರಿಯ ಮಂದಿ ಸಾಲಾಗಿ ನಿಂತು ರುಜು ಹಾಕಿದರು, ರುಜು ಬಾರದವರು ಹೆಬ್ಬೆಟ್ಟು ಒತ್ತಿದರು. ಶಾನಭಾಗರು ತಮ್ಮ ರುಜುವಿನ ಕೆಳಗೆ 'ನಿವೃತ್ತ ಬೇಲಿಫ್' ಎಂದೂ ಬರೆದರು. ಜಟ್ಟಪ್ಪ ಕಿಟಕಿಯಿಂದಲೇ ಕೈ ಚಾಚಿ ಸಹಿ ಮಾಡಿದ. ಸಹಿ ಕಾಗದದ ಅಂಚು ದಾಟಿತು, ಜನ ಅದನ್ನು ಭಾವಾವೇಶವೆಂದು ತಿಳಿದರು.

ಯಮನಪ್ಪ ಟೋಪಿ ಸರಿಮಾಡಿಕೊಂಡು ಕಿಟಕಿಯ ಹತ್ತಿರ ಬಂದ. ಸೋತವನ ಸಿಟ್ಟು ಅವನ ಮುಖದಲ್ಲಿರಲಿಲ್ಲ. "ತಾಂಡೇಲ, ಖಾಸಗಿ ಜಾಗದಾಗ ನಿನ್ನ ಮ್ಯಾಲ ನಂದೇನೂ ಕೇಸಿಲ್ಲ. ಆದರ ಒಂದ ಮಾತು. ಇಪ್ಪತ್ತ ವರ್ಷದ ಸರ್ವಿಸಿನ್ಯಾಗ 'ಇಳಿ' ಅಂದ್ರ ಇಳೀಲಾರದವನು ನೀ ಒಬ್ಬನ ನೋಡಪಾ!" ಎಂದು ಹೇಳಿ, ಕಾಲು ಅಪ್ಪಳಿಸಿ ಒಂದು ಸೆಲ್ಯೂಟು ಹೊಡೆದ.

ಕೇರಿ ಕೇಕೆ ಹಾಕಿತು. ಈರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿನ್ನ ಅಪ್ಪ ಇರ್ಬೇಕಿತ್ತು," ಎಂದಳು. ಜಟ್ಟಪ್ಪನಿಗೆ ಗಂಟಲು ಕಟ್ಟಿತು. ಕಟ್ಟಬೇಕಾದ ಬೇರೊಂದು ಮಾತ್ರ ಇನ್ನು ಕಟ್ಟುವ ಸ್ಥಿತಿಯಲ್ಲಿರಲಿಲ್ಲ.

ಗಂಗೆ ತಡಮಾಡಲಿಲ್ಲ. "ಎಲ್ಲ ಸರೀರಿ! ಊರ ಕಣ್ಣೆಲ್ಲ ಬಿದ್ದದೆ, ದೃಷ್ಟಿ ತೆಗೀಬೇಕು," ಎಂದು ಕೂಗಿ, ಮೆಣಸು ಉಪ್ಪು ಹಿಡಿದು, ಹಳೇ ಸೀರೆಯೊಂದನ್ನು ಕಿಟಕಿಗೆ ಅಡ್ಡ ಇಳಿಬಿಟ್ಟು ಒಳಗೆ ತಲೆ ಹಾಕಿದಳು. ದೃಷ್ಟಿ ತೆಗೆಯುವಾಗ ನೋಡಬಾರದೆಂದು ಜನ ಬೆನ್ನು ತಿರುಗಿಸಿದರು. ಸೀರೆಯ ಹಿಂದೆ ಮೀನು ಕೊಯ್ಯುವ ಕತ್ತಿ ಎರಡು ಸಲ ಸರ್ ಸರ್ ಎಂದಿತು. ಭಟ್ಕಳದಿಂದ ಕುಮಟೆಯವರೆಗೆ ಎಲ್ಲೂ ಇಲ್ಲದ ಪಟ್ಟಿ ತುಂಡಾಗಿ ಬಿತ್ತು. ಬಾಗಿಲು ತೆರೆಯಿತು, ಜಟ್ಟಪ್ಪ ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹಿತ್ತಲ ಕೊನೆಯ ಕೇದಗೆ ಪೊದೆಯ ಕಡೆಗೆ ಓಡಿದ.

"ಎಲ್ಲಿಗೆ ಹೋದ?" ಎಂದ ಯಮನಪ್ಪ.

"ಅಲ್ಲಿ ಜಟಗನ ಕಲ್ಲು ಅದೆ," ಎಂದಳು ಹೊನ್ನಮ್ಮ ಕೈಮುಗಿದು. "ಗೆದ್ದ ಕೂಡಲೇ ಮನೆದೇವ್ರಿಗೆ ಓಡಿದ ನೋಡ್ರಿ. ಎಂಥಾ ಭಕ್ತಿ!"

ಆ ಭಕ್ತಿ ಬಹಳ ಹೊತ್ತು ನಡೆಯಿತು. ಜಟ್ಟಪ್ಪ ಹೊರಗೆ ಬಂದಾಗ ಅವನ ಮುಖದಲ್ಲಿ ಸಾಕ್ಷಾತ್ಕಾರವಾದವರ ಶಾಂತಿ ಇತ್ತು. ಜನ ಹೆಗಲ ಮೇಲೆ ಹೊತ್ತು ಕುಣಿಯಬಹುದೆಂದು ಶರ್ಟು ಸರಿಮಾಡಿಕೊಂಡು ಬಂದ.

ಯಾರೂ ಕುಣಿಯುತ್ತಿರಲಿಲ್ಲ. ಕೇರಿಯ ಮಂದಿ ಬಲೆ ತೊಳೆದು ಖಾಲಿ ಕೈಯಲ್ಲಿ ಬಂದವರ ಹಾಗೆ ನಿಂತಿದ್ದರು. ಜೀಪು ಹೊರಡುತ್ತಿತ್ತು.

"ಎಂತ ಆತು ಶಾನಭಾಗ್ರೆ?"

ಶಾನಭಾಗರು ಕೊಡೆಯನ್ನು ಬಿಚ್ಚಿದರು, ಮಡಚಿದರು. "ಆ ಟೋಪಿಯವರು ಮ್ಯಾಜಿಸ್ಟ್ರೇಟಲ್ಲ ಜಟ್ಟಪ್ಪ. ರಸ್ತೆ ಇಂಜಿನಿಯರು. ಹೆದ್ದಾರಿಯಿಂದ ಸಮುದ್ರದವರೆಗೆ ಡಾಂಬರು ರಸ್ತೆ ಮಂಜೂರಾಗಿದೆ. ನಿನ್ನ ಹಿತ್ತಲ ಬೇಲಿಯವರೆಗೆ ಸರಕಾರಿ ಗಾಡಿದಾರಿಯೇ. ಇದೊಂದು ತುಂಡು ಸಾರ್ವಜನಿಕ ಹೌದೋ ಅಲ್ಲವೋ ಅಂತ ಕೇಳೂಕೆ ಬಂದಿದ್ರು. ಹೌದು ಅಂದಿದ್ರೆ ನಾಡಿದ್ದೇ ಜಲ್ಲಿ ಬೀಳ್ತಿತ್ತು. ಜಾಗದ ತಕರಾರು ಬಂದ್ರೆ ಜೊತೆಗಿರ್ಲಿ ಅಂತ ಹವಾಲ್ದಾರ."

"ಹಾಗಾದ್ರೆ ಈಗ?"

"ಖಾಸಗಿ ಜಾಗಕ್ಕೆ ಸರಕಾರದ ಡಾಂಬರು ಹಾಕೂಕೆ ಬರೂದಿಲ್ಲವಂತೆ. ರಸ್ತೆ ಹೊಳೆಯಾಚೆ ಕೇರಿಗೆ ಹೋತು."

ಜಟ್ಟಪ್ಪ ಜೀಪಿನ ಹಿಂದೆ ಓಡಿದ. "ಸಾಹೇಬ್ರೆ, ಸಾರ್ವಜನಿಕ! ಎಲ್ಲ ಸಾರ್ವಜನಿಕ! ಅಂಗಳವೂ ಸಾರ್ವಜನಿಕ!" ಇಂಜಿನಿಯರರು ಪಂಚನಾಮೆಯನ್ನು ಎತ್ತಿ ತೋರಿಸಿದರು. ಯಮನಪ್ಪ ಹಿಂದಿನಿಂದ ಕೈ ಬೀಸಿ, "ನಾ ಲೈಸೆನ್ಸ್ ಕೇಳಿದ್ದು ಬಾಯಿ ಚಟಕ್ಕಪಾ! ದಾರಿ ಕೇಳಾಕ ಬಂದಿದ್ವಿ!" ಎಂದು ಕೂಗಿದ. ಜೀಪು ಧೂಳಿನಲ್ಲಿ ಮರೆಯಾಯಿತು.

ತಿರುಗಿ ಬಂದಾಗ ಹೊನ್ನಮ್ಮ ಸೊಂಟಕ್ಕೆ ಕೈಯಿಟ್ಟು ಕಾಯುತ್ತಿದ್ದಳು. "ನಿನ್ನ ಮಾನ ಉಳಿಸೂಕೆ ಹೋಗಿ ನಮ್ಮ ರಸ್ತೆ ಹೋತು. ಇನ್ನೊಂದು ಕೇಳು. ಬೇಲಿಯಾಚೆ ಹೆದ್ದಾರಿಗೆ ಹೋಗೂ ಆ ಗಾಡಿದಾರಿ ನಿನ್ನ ಕಾರಿನ ಅಗಲಕ್ಕೆ ಸಾಲೂದಿಲ್ಲ. ಕಾರು ಒಂದು ಬದಿ ಚಕ್ರ ನನ್ನ ಗದ್ದೆ ಮೇಲ್ ಇಟ್ಕಂಡೇ ಬಂದದ್ದು. ನಾನೂ ಒಡತಿಯೇ. ನನ್ನ ಗದ್ದೆಯೂ ಖಾಸಗಿ. ಇವತ್ತೇ ಮುಳ್ಳು ಹಾಕ್ತೆ!"

ಹಾಕಿಯೂ ಹಾಕಿದಳು. ಇಡಗುಂಜಿಯ ಪೂಜೆ ಅಲ್ಲಿಗೆ ನಿಂತಿತು. ಜಟ್ಟಪ್ಪ ಕಾನೂನು ಪ್ರಕಾರ ತನ್ನ ಕಾರನ್ನು ಬಾವಿಯಿಂದ ಬೇಲಿಯವರೆಗೆ ಯಾರ ಅಡ್ಡಿಯೂ ಇಲ್ಲದೆ ಓಡಿಸಬಹುದಾಗಿತ್ತು.

ಸಂಜೆ ಬಿಸಿಲು ಇಳಿಯುವಾಗ ಹೊಳೆಯ ಕಡೆಯಿಂದ ಡೋಲಿನ ಸದ್ದು ಕೇಳಿಸಿತು. ಹೊಳೆಯಾಚೆ ಕೇರಿಯವರು ದೋಣಿ ತುಂಬಿಕೊಂಡು ಬಂದಿದ್ದರು. ಮುಂದೆ ಅವರ ಹಿರಿಯ ವೆಂಕಟ, ಕೈಯಲ್ಲಿ ಅಬ್ಬಲಿಗೆ ಹೂವಿನ ಹಾರ. ಮುಖ ಗಂಟಿಕ್ಕಿಕೊಂಡ ಬೆಳಕೆಯವರ ನಡುವೆಯೇ ನಡೆದು ಬಂದು ಜಟ್ಟಪ್ಪನ ಕೊರಳಿಗೆ ಹಾಕಿದ.

"ಜಟ್ಟಣ್ಣಾ, ಮನೆ ಬಾಗ್ಲಿಗೆ ಬಂದ ರಸ್ತೆಯನ್ನ ಯಾರಾದ್ರೂ ಬಿಟ್ಟುಕೊಟ್ಟದ್ದು ಕೇಳಿದ್ರಾ? ನೀನು ಬಿಟ್ಟುಕೊಟ್ಟೆ. ಅದೂ ಪೊಲೀಸರ ಎದುರು ಬೆಳಗಿಂದ ಊಟ ಬಿಟ್ಟು ಕೂತ್ಕಂಡು! ನಮ್ಮ ರಸ್ತೆ ಆದ ದಿನ ಮೊದಲು ಓಡೂದು ನಿನ್ನ ಕಾರು. ಇಲ್ಲ ಅನ್ಬೇಡ."

ಇಂಥ ಮಾತಿಗೆ ಇಲ್ಲವೆನ್ನುವ ಶಕ್ತಿ ಜಟ್ಟಪ್ಪನ ವಂಶದಲ್ಲೇ ಇರಲಿಲ್ಲ. "ಆತು, ಬತ್ತೆ," ಎಂದ.

ಗಂಗೆ ಅವನ ಬೆನ್ನಿಗೆ ತಿವಿದಳು. "ಹೇಗೆ ಹೋಗ್ತ್ರಿ? ಈ ಕಡೆ ಮುಳ್ಳು, ಆ ಕಡೆ ಹೊಳೆ."

ಜಟ್ಟಪ್ಪ ಹೊಳೆಯನ್ನು ನೋಡಿದ. ಆಮೇಲೆ ವೆಂಕಟನ ಜನ ಬಂದ ದೋಣಿಗಳನ್ನು ನೋಡಿದ. "ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿದ್ರೆ ಕಾರು ನಿಲ್ತದೆ," ಎಂದ. "ಶಾನಭಾಗ್ರೆ, ಹೊಳೆ ಯಾರದು?"

ಶಾನಭಾಗರ ಮುಖ ಬೆಳಿಗ್ಗೆಯ ನಂತರ ಮೊದಲ ಬಾರಿಗೆ ಅರಳಿತು. "ಹೊಳೆ ನಿಸ್ಸಂಶಯವಾಗಿ ಸಾರ್ವಜನಿಕ. ಹಾಗಾಗಿ ಅಲ್ಲಿ ನಿನಗೆ ಲೈಸೆನ್ಸ್ ಬೇಕಾಗ್ತದೆ."

ಜಟ್ಟಪ್ಪ ಕೊರಳಿನ ಹಾರವನ್ನು ಎದೆಯ ನಡುವಿಗೆ ಸರಿಮಾಡಿಕೊಂಡ.

"ಎಂತಕ್ಕೆ? ಹೊಳೆ ಮೇಲೆ ನಾನು ಬಿಡೂದು ದೋಣಿ. ಕಾರು ಸುಮ್ನೆ ಕೂತ್ಕಂಡು ಬತ್ತದೆ."